ತಿಂಗಳಿಗೆ 11.5 ಪೌಂಡ್, 10 ವರ್ಷದ ಕರಾರು: ಅಂಬೇಡ್ಕರ್ ವಿದೇಶದಲ್ಲಿ ಓದಿದ್ದು ಹೀಗೆ

ವಿದೇಶಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಖುಷಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಫೀಸು ಎಷ್ಟು, ಬಾಡಿಗೆ ಎಷ್ಟು, ಊಟಕ್ಕೆಷ್ಟು ಎಂಬ ಲೆಕ್ಕ ಮರುದಿನವೇ ಶುರುವಾಗುತ್ತದೆ. ನೂರು ವರ್ಷಗಳ ಹಿಂದೆ ಇದೇ ಲೆಕ್ಕ ಹಾಕಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಕೂಡ ಒಬ್ಬರು. ಅವರ ಪದವಿಗಳ ಪಟ್ಟಿ ಬಹಳ ಜನರಿಗೆ ಗೊತ್ತು. ಆದರೆ ಆ ಓದಿಗೆ ಹಣ ಎಲ್ಲಿಂದ ಬಂತು, ಯಾವಾಗ ನಿಂತುಹೋಯಿತು, ಮತ್ತೆ ಹೇಗೆ ಹೊಂದಿಸಿದರು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಬರೋಡಾದಿಂದ ಬಂದ ನೆರವು

1891ರ ಏಪ್ರಿಲ್ 14ರಂದು ಮಧ್ಯಪ್ರದೇಶದ ಮಹೂವಿನಲ್ಲಿ ಹುಟ್ಟಿದ ಅಂಬೇಡ್ಕರ್, ಸೇನೆಯಿಂದ ನಿವೃತ್ತರಾದ ಸುಬೇದಾರ್ ರಾಮ್‌ಜಿಯವರ ಮಗ. ಮುಂಬೈನಲ್ಲಿ ಮೆಟ್ರಿಕ್ ಮುಗಿಸಿದ್ದು 1907ರಲ್ಲಿ. ಮುಂದೆ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಹುಡುಗನ ಪ್ರತಿಭೆಯನ್ನು ಗಮನಿಸಿದ್ದ ಲೇಖಕ, ಶಿಕ್ಷಕ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಅವರು ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ಭೇಟಿ ಮಾಡಿಸಿದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು. ಅದರ ಬಲದಲ್ಲೇ ಎಲ್ಫಿನ್‌ಸ್ಟನ್ ಕಾಲೇಜಿನ ಬಿ.ಎ. ಮುಗಿಯಿತು.

1913ರಲ್ಲಿ ಮಹಾರಾಜರು ಅಮೆರಿಕದಲ್ಲಿ ಉನ್ನತ ವ್ಯಾಸಂಗಕ್ಕೂ ನೆರವು ನೀಡಲು ಒಪ್ಪಿದರು. ಮೊತ್ತ ತಿಂಗಳಿಗೆ 11.5 ಪೌಂಡ್, ಅವಧಿ ಮೂರು ವರ್ಷ. ಜೊತೆಗೆ ಒಂದು ಷರತ್ತೂ ಇತ್ತು. ಓದು ಮುಗಿದ ಮೇಲೆ 10 ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು. ಅದೇ ವರ್ಷ ಫೆಬ್ರವರಿಯಲ್ಲಿ ತಂದೆ ತೀರಿಕೊಂಡಿದ್ದರು, ಸಂಸಾರದ ಭಾರ ಹೆಗಲ ಮೇಲಿತ್ತು. 22ರ ಯುವಕ ಕರಾರಿಗೆ ಸಹಿ ಹಾಕಿ ಹಡಗು ಹತ್ತಿದರು.

ನ್ಯೂಯಾರ್ಕ್‌ನಲ್ಲಿ ಬಿಗಿ ಲೆಕ್ಕ

ಜುಲೈನಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅರ್ಥಶಾಸ್ತ್ರ ಮುಖ್ಯ ವಿಷಯ. ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರದ ತರಗತಿಗಳಿಗೂ ಹೋದರು. ಬರುವ ಹಣದಲ್ಲೇ ತನ್ನ ಖರ್ಚೂ ಆಗಬೇಕು, ಮುಂಬೈನಲ್ಲಿದ್ದ ಪತ್ನಿ ರಮಾಬಾಯಿಯವರಿಗೂ ಕಳಿಸಬೇಕು. ಊಟದಲ್ಲಿ ಉಳಿಸಿದ್ದು ಹಳೆಯ ಪುಸ್ತಕದ ಅಂಗಡಿಗಳಿಗೆ ಹೋಗುತ್ತಿತ್ತು. 1915ರಲ್ಲಿ ಎಂ.ಎ. ಪದವಿ ಬಂತು. 1916ರಲ್ಲಿ ಜಾತಿಯ ಉಗಮದ ಬಗ್ಗೆ ಅವರು ಮಂಡಿಸಿದ ಪ್ರಬಂಧ ಇಂದಿಗೂ ಅಧ್ಯಯನದ ವಸ್ತು.

ಅರ್ಧಕ್ಕೆ ನಿಂತ ಲಂಡನ್ ಓದು

1916ರಲ್ಲಿ ಅಂಬೇಡ್ಕರ್ ಲಂಡನ್ನಿಗೆ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡಕ್ಕೂ ಸೇರಿದರು. ಆದರೆ 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ಬಿಟ್ಟು ಹೊರಡಲೇಬೇಕಾಯಿತು. ಹೊರಡುವ ಮುನ್ನ ಅವರು ಒಂದು ಮುಖ್ಯ ಕೆಲಸ ಮಾಡಿದರು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದರು. ಮಹಾಯುದ್ಧದ ಕಾಲವದು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಆ ಹಡಗಿನ ಜೊತೆಗೇ ಸಮುದ್ರದ ಪಾಲಾದವು.

ಕರಾರಿನಂತೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಕೊಲಂಬಿಯಾದಲ್ಲಿ ಓದಿ ಬಂದ ಅಧಿಕಾರಿಗೆ ಜಾತಿಯ ಕಾರಣಕ್ಕೆ ಆ ಊರಿನಲ್ಲಿ ಉಳಿದುಕೊಳ್ಳಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿನಲ್ಲಿ ತಂಗಿದ್ದ ವಸತಿಗೃಹದಿಂದಲೂ ಹೊರಹಾಕಿದರು. ಕಚೇರಿಯ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. 10 ವರ್ಷದ ಸೇವೆಗೆ ಒಪ್ಪಿ ಬಂದವರು ಕೆಲವೇ ದಿನಗಳಲ್ಲಿ ಮುಂಬೈಗೆ ಮರಳಿದರು. ನೆರವು ಕೊಟ್ಟ ಸಂಸ್ಥಾನದಲ್ಲೇ ತಲೆ ಮೇಲೊಂದು ಸೂರು ಸಿಗದಿದ್ದಾಗ ಕರಾರು ಉಳಿಯುವುದಾದರೂ ಹೇಗೆ?

ಸಂಬಳ, ಸಾಲ, ಸಹಾಯ

1918ರ ನವೆಂಬರ್‌ನಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಸಂಬಳದಲ್ಲಿ ಮನೆಖರ್ಚು ಕಳೆದು ಉಳಿದದ್ದನ್ನು ಲಂಡನ್ ಓದಿಗೆಂದು ಕೂಡಿಟ್ಟರು. ಅಷ್ಟು ಸಾಲದಾಯಿತು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಕೊಲಂಬಿಯಾದ ಕಾಲದ ಪಾರ್ಸಿ ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. ಹೀಗೆ ಮೂರು ಕಡೆಯಿಂದ ಹಣ ಹೊಂದಿಸಿಕೊಂಡು 1920ರಲ್ಲಿ, ಅನುಮತಿಯ ಗಡುವು ಮುಗಿಯುವ ಮೊದಲೇ, ಮತ್ತೆ ಲಂಡನ್ ತಲುಪಿದರು.

ಅಲ್ಲಿಯೂ ಕೈ ಬಿಗಿಹಿಡಿದೇ ಬದುಕು. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಂಜೆ ಮುಚ್ಚುವವರೆಗೂ ಓದು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಡಿ.ಎಸ್ಸಿ. ಬಂತು. ಬ್ಯಾರಿಸ್ಟರ್ ಕೂಡ ಆದರು. ಕೊಲಂಬಿಯಾದ ಪಿಎಚ್.ಡಿ. ಪ್ರಬಂಧ 1925ರಲ್ಲಿ ಪುಸ್ತಕವಾದಾಗ ಅದನ್ನು ಸಯಾಜಿರಾವ್ ಅವರಿಗೆ ಅರ್ಪಿಸಿದರು. ಪದವಿ ಅಧಿಕೃತವಾಗಿ ಕೈಸೇರಿದ್ದು 1927ರಲ್ಲಿ, ಅಂದರೆ ಮೊದಲ ಬಾರಿ ಹಡಗು ಹತ್ತಿದ 14 ವರ್ಷಗಳ ನಂತರ.

ಕೃಪೆಯಿಂದ ಹಕ್ಕಿನ ಕಡೆಗೆ

ಅಂಬೇಡ್ಕರ್ ಅವರಿಗೆ ಸಿಕ್ಕ ನೆರವು ಒಬ್ಬ ಮಹಾರಾಜರ ಒಳ್ಳೆಯ ಮನಸ್ಸಿನಿಂದ ಬಂದದ್ದು. ಮಧ್ಯೆ ಪರಿಚಯ ಮಾಡಿಸಿದ ಕೇಳುಸ್ಕರ್ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿ ಸೇರಿದ ಮೇಲೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಸರ್ಕಾರದ ಬೊಕ್ಕಸದಿಂದಲೇ ಹಣ ಕೊಡಬೇಕೆಂದು ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಆರಂಭವಾಯಿತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಮರುವರ್ಷ ಅದರಡಿ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯಿತು.

1956ರ ಡಿಸೆಂಬರ್ 6ರಂದು ಅವರು ನಿಧನರಾಗುವ ಮೊದಲೇ, 1954-55ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಆರಂಭವಾಗಿತ್ತು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮಾಡಲು ಅದು ಈಗಲೂ ಫೀಸು, ಜೀವನವೆಚ್ಚ, ವಿಮಾನದರ ಕೊಡುತ್ತದೆ. ಇಂದು ಆ ಅರ್ಜಿ ತುಂಬುವವರಿಗೆ ಮಹಾರಾಜರ ಪರಿಚಯ ಬೇಕಿಲ್ಲ. ಆದರೆ ನೆರವಿನ ಅವಧಿ ಎಷ್ಟು, ಷರತ್ತೇನು, ಹಣ ನಡುವೆ ನಿಂತರೆ ಮುಂದೇನು ಎಂಬ ಮೂರು ಪ್ರಶ್ನೆಗಳನ್ನು ಇಂದೂ ಹೊರಡುವ ಮುನ್ನವೇ ಕೇಳಿಕೊಳ್ಳಬೇಕು.