ಸುರಂಜನ್ ದಾಸ್: ಎಂಜಿನ್ನಿನ ಮಿತಿಯನ್ನು ಆಕಾಶದಲ್ಲಿ ಅಳೆದವರು

ಹುಳಿಯಾರು: ಐದು ಎಚ್‌ಪಿ ಮೋಟಾರಿನಿಂದ ಏಳೂವರೆ ಎಚ್‌ಪಿ ಕೆಲಸ ತೆಗೆಯಹೊರಟರೆ ಏನಾಗುತ್ತದೆಂಬುದನ್ನು ಹುಳಿಯಾರು ಸೀಮೆಯ ತೆಂಗು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳವೆಬಾವಿಯ ನೀರು ಆಳಕ್ಕಿಳಿದಂತೆಲ್ಲ ವೈಂಡಿಂಗ್ ಅಂಗಡಿಗಳಿಗೆ ಸುಟ್ಟ ಮೋಟಾರುಗಳು ಬರುತ್ತಲೇ ಇರುತ್ತವೆ. ತೋಟದಲ್ಲಿ ಆಗುವ ನಷ್ಟ ಹಣದ್ದು. ಆಕಾಶದಲ್ಲಿ ಎಂಜಿನ್ನಿನ ಶಕ್ತಿಯನ್ನು ಪರೀಕ್ಷಿಸುವವನಾದರೋ ತನ್ನ ಪ್ರಾಣವನ್ನೇ ಪಣವಾಗಿಟ್ಟಿರುತ್ತಾನೆ.

ಇಲ್ಲಿಗೆ ದೂರವಲ್ಲದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಮೇಲೆ ವಿಮಾನ ತಯಾರಿಕೆಯ ಮಾತು ಕಲ್ಪತರು ನಾಡಿಗೂ ಹತ್ತಿರವಾಗಿದೆ. ಆ ಸಂಸ್ಥೆ ಬೆಂಗಳೂರಿನಲ್ಲಿ ತಾನೇ ವಿನ್ಯಾಸಗೊಳಿಸಿದ ಮೊದಲ ಜೆಟ್ ಯುದ್ಧವಿಮಾನ ಕಟ್ಟಿದ ಕಾಲದ ಒಬ್ಬ ಹಾರಾಟಗಾರರ ಕಥೆ ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ರಾಜಧಾನಿಯಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ನಿತ್ಯ ಸಾವಿರಾರು ಮಂದಿ ಸಂಚರಿಸುತ್ತಾರೆ. ಆ ಹೆಸರು ಯಾರದೆಂದು ಕೇಳಿದರೆ ಉತ್ತರಿಸುವವರು ಕಡಿಮೆ.

1920ರಲ್ಲಿ ಜನಿಸಿದ ಸುರಂಜನ್ ದಾಸ್ ನ್ಯಾಯಾಂಗದ ಮನೆತನದವರು. ತಂದೆ ಸುಧಿ ರಂಜನ್ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಮಗ ಆರಿಸಿಕೊಂಡದ್ದು ವಾಯುಪಡೆಯನ್ನು. ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದ ಮೊದಮೊದಲ ಭಾರತೀಯರಲ್ಲಿ ಅವರೂ ಒಬ್ಬರು. ಟೆಸ್ಟ್ ಪೈಲಟ್ ಎಂದರೆ ಸಾಹಸಿ ಎಂಬ ಕಲ್ಪನೆ ಜನರಲ್ಲಿದೆ. ವಾಸ್ತವದಲ್ಲಿ ಅದು ಲೆಕ್ಕಿಗನ ಕೆಲಸಕ್ಕೆ ಹತ್ತಿರವಾದ ವೃತ್ತಿ. ಯಾವ ವೇಗದಲ್ಲಿ ಕಂಪನ ಶುರುವಾಗುತ್ತದೆ, ಯಾವ ವೇಗಕ್ಕಿಂತ ಕೆಳಗಿಳಿದರೆ ರೆಕ್ಕೆ ಭಾರ ಹೊರಲಾರದು, ಒಂದು ಎಂಜಿನ್ ನಿಂತರೆ ಎಷ್ಟು ದೂರ ಸಾಗಬಹುದು ಎಂಬುದನ್ನೆಲ್ಲ ಹಂತಹಂತವಾಗಿ ಹಾರಿ ನೋಡಿ, ಕೆಳಗಿಳಿದು ಬರೆದಿಡಬೇಕು. ವಿನ್ಯಾಸಕಾರನ ಕಾಗದದ ಮೇಲಿನ ಮಿತಿ ಒಂದಾದರೆ ವಿಮಾನ ತೋರಿಸುವ ಮಿತಿ ಇನ್ನೊಂದು. ಎರಡನೆಯದನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಆ ವೃತ್ತಿಯ ಧರ್ಮ.

ದಾಸ್ ಅವರ ಹೆಸರು ಇತಿಹಾಸ ಸೇರಿದ್ದು ಎಚ್‌ಎಫ್-24 ಮಾರುತ್ ವಿಮಾನದಿಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೋಕೆ ವುಲ್ಫ್ 190 ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್, ಅರ್ಜೆಂಟೀನಾದಲ್ಲಿ ಕೆಲಕಾಲ ದುಡಿದು, 1956ರಲ್ಲಿ ತಮ್ಮ ತಂಡದೊಡನೆ ಬೆಂಗಳೂರಿಗೆ ಬಂದರು. ಶಬ್ದದ ಎರಡರಷ್ಟು ವೇಗದ ವಿಮಾನ ಬೇಕೆಂಬುದು ವಾಯುಪಡೆಯ ಬಯಕೆ. ಜರ್ಮನ್ನರೂ ಎಚ್‌ಎಎಲ್‌ನ ಭಾರತೀಯ ಎಂಜಿನಿಯರುಗಳೂ ಸೇರಿ ಅದರ ಒಡಲನ್ನು ಕಟ್ಟತೊಡಗಿದರು. ಪೂರ್ಣ ಗಾತ್ರದ ಮರದ ಗ್ಲೈಡರನ್ನು ಮಾಡಿ, ಮತ್ತೊಂದು ವಿಮಾನದಿಂದ ಎಳೆಸಿ, 1959ರಲ್ಲಿ ಅದರ ಹಾರಾಟದ ಗುಣವನ್ನು ಪರಿಶೀಲಿಸಿದ್ದೂ ಆಯಿತು.

ಒಡಲು ಸಿದ್ಧವಾಗುತ್ತಿದ್ದಾಗ ಎಂಜಿನ್ ಇನ್ನೂ ಕೈಸೇರಿರಲಿಲ್ಲ. ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಸಂಸ್ಥೆಯ ಆರ್ಫಿಯಸ್ ಎಂಜಿನ್ನಿನ 12ನೇ ಮಾದರಿಯನ್ನು ನಂಬಿ ಟ್ಯಾಂಕ್ ವಿನ್ಯಾಸ ಮಾಡಿದ್ದರು. ಮರುದಹನ ಸಹಿತ ಅದರ ನೂಕುಬಲ ತಲಾ ಸುಮಾರು 3,700 ಕಿಲೋ ಇರಬೇಕಿತ್ತು. ಅದರ ಅಭಿವೃದ್ಧಿಯ ವೆಚ್ಚವನ್ನು ಹೊರಲು ಬ್ರಿಟನ್ ಒಪ್ಪಲಿಲ್ಲ, ಭಾರತವೂ ಮುಂದೆ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703. ಎರಡೆತ್ತಿನ ಗಾಡಿಗೆ ಎರಡು ಕರುಗಳನ್ನು ಕಟ್ಟಿದಂತಾಯಿತು.

1961ರ ಜೂನ್ 17ರಂದು ಬೆಂಗಳೂರಿನಲ್ಲಿ ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ಅನ್ನು ಮೊದಲ ಬಾರಿಗೆ ಮೇಲಕ್ಕೊಯ್ದರು. ವಾರದ ಬಳಿಕ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಅಧಿಕೃತ ಪ್ರದರ್ಶನ ನಡೆಯಿತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಅದು ಸಾಮಾನ್ಯ ಸಂಭ್ರಮವಲ್ಲ. 1964ರ ಸೆಪ್ಟೆಂಬರ್ 4ರಂದು ತರಬೇತಿ ಜೆಟ್ ಕಿರಣ್‌ನ ಚೊಚ್ಚಲ ಹಾರಾಟವನ್ನೂ ದಾಸ್ ಅವರೇ ನಡೆಸಿದರು. ಹೀಗೆ ಎಚ್‌ಎಎಲ್‌ನ ಎರಡು ಮುಖ್ಯ ಜೆಟ್ಟುಗಳು ಮೊದಲು ನೆಲ ಬಿಟ್ಟದ್ದು ಒಬ್ಬರದೇ ಕೈಯಲ್ಲಿ.

ಮಾರುತ್‌ನ ನಿಯಂತ್ರಣ ಹಿತವಾಗಿತ್ತು, ಕೆಳಮಟ್ಟದಲ್ಲಿ ಅದು ಸ್ಥಿರವಾಗಿ ಹಾರುತ್ತಿತ್ತು. ಕೊರತೆ ಇದ್ದದ್ದು ಶಕ್ತಿಯಲ್ಲಿ. ಶಬ್ದದ ಎರಡರಷ್ಟು ವೇಗದ ಕನಸು ಕಂಡ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಸುಸ್ತಾಗುತ್ತಿತ್ತು. ಬೇರೆ ಎಂಜಿನ್ನಿಗಾಗಿ ಭಾರತ ಸೋವಿಯತ್ ಒಕ್ಕೂಟದ ಬಾಗಿಲನ್ನೂ ತಟ್ಟಿತು. ಈಜಿಪ್ಟ್‌ನಲ್ಲಿ ರೂಪುಗೊಳ್ಳುತ್ತಿದ್ದ ಇ-300 ಎಂಜಿನ್ನಿನ ಪರೀಕ್ಷೆಗೆ ಒಂದು ಮಾರುತ್ ಅನ್ನೇ ಅಲ್ಲಿಗೆ ಕಳುಹಿಸಲಾಯಿತು. ಈಜಿಪ್ಟ್ 1969ರಲ್ಲಿ ತನ್ನ ಯೋಜನೆಯನ್ನೇ ಕೈಬಿಟ್ಟಿತು.

ಉಳಿದ ದಾರಿ ಇದ್ದ ಎಂಜಿನ್ನನ್ನೇ ಮಾರ್ಪಡಿಸುವುದು. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ, ಆರ್ಫಿಯಸ್ 703ಕ್ಕೆ ಮರುದಹನ ವ್ಯವಸ್ಥೆಯನ್ನು ಜೋಡಿಸುವ ಹೊಣೆ ಹೊತ್ತಿತು. ಟರ್ಬೈನ್ ದಾಟಿ ಬರುವ ಬಿಸಿ ಅನಿಲದಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಹಿಂದಿನ ಕೊಳವೆಯಲ್ಲಿ ಮತ್ತೆ ಇಂಧನ ಸಿಂಪಡಿಸಿ ಉರಿಸಿದರೆ ನೂಕುಬಲ ಏರುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಇಂಧನ ನೀರಿನಂತೆ ಹರಿಯುತ್ತದೆ, ಕೊಳವೆಯ ಲೋಹ ಹೆಚ್ಚಿನ ತಾಪವನ್ನು ತಡೆಯಬೇಕಾಗುತ್ತದೆ, ಉರಿ ಹೊತ್ತಿದಾಗ ನಳಿಗೆಯ ಬಾಯಿ ಅಗಲವಾಗಬೇಕು, ಆರಿದಾಗ ಕಿರಿದಾಗಬೇಕು. ಎರಡು ಎಂಜಿನ್ನುಗಳ ಪೈಕಿ ಒಂದರಲ್ಲಿ ಹೊತ್ತಿ ಇನ್ನೊಂದರಲ್ಲಿ ಹೊತ್ತದಿದ್ದರೆ ಎರಡು ಬದಿಯ ನೂಕುಬಲ ಸಮವಿರುವುದಿಲ್ಲ. ಇಷ್ಟೆಲ್ಲ ಶ್ರಮಪಟ್ಟ ಮೇಲೆ ನೂಕುಬಲ ಸುಮಾರು 2,600 ಕಿಲೋಗೆ ಏರಿತು. ಟ್ಯಾಂಕ್ ಬಯಸಿದ್ದಕ್ಕೆ ಅದು ಇನ್ನೂ ಸಾವಿರ ಕಿಲೋಗಿಂತ ಹೆಚ್ಚು ಕಡಿಮೆ. ಇದರ ಜೊತೆಗೆ, ಮರುದಹನದ ಕೊಳವೆಗಾಗಿ ವಿಮಾನದ ಹಿಂಭಾಗವನ್ನು ದಪ್ಪವಾಗಿಸಬೇಕಾಯಿತು. ಗಾಳಿಯ ಎಳೆತ ಹೆಚ್ಚಿತು. ಒಂದು ಕೈಯಲ್ಲಿ ಗಳಿಸಿದ್ದರ ಒಂದು ಪಾಲು ಇನ್ನೊಂದು ಕೈಯಿಂದ ಸೋರಿಹೋಯಿತು.

ಇದರ ದೋಷವನ್ನು ಜಿಟಿಆರ್‌ಇ ತಂತ್ರಜ್ಞರ ತಲೆಗೆ ಕಟ್ಟುವುದು ಅನ್ಯಾಯ. ಬೇರೆಯವರು ಮಾಡಿದ ಎಂಜಿನ್ನನ್ನು ಎಷ್ಟರಮಟ್ಟಿಗೆ ತಿದ್ದಬಹುದೋ ಅಷ್ಟನ್ನು ಅವರು ತಿದ್ದಿದರು. ಕೈಯಲ್ಲಿಲ್ಲದ ಎಂಜಿನ್ನನ್ನು ನಂಬಿ ವಿಮಾನ ಕಟ್ಟಿ, ಆ ಎಂಜಿನ್ನಿಗೆ ಹಣ ಕೊಡಬೇಕಾದಾಗ ಹಿಂಜರಿದದ್ದು ಮೇಲಿನವರ ತೀರ್ಮಾನ. ಆ ತೀರ್ಮಾನದ ಮಿತಿಯನ್ನು ಕಾರ್ಯಾಗಾರದಲ್ಲಿ ನೀಗಿಸಲು ಸಾಧ್ಯವಿರಲಿಲ್ಲ.

ಮರುದಹನದ ಎಂಜಿನ್ ಹೊತ್ತ ಮಾರುತ್ ಮಾರ್ಕ್ 1ಆರ್ ವಿಮಾನದ ಪರೀಕ್ಷೆಗೂ ದಾಸ್ ಅವರೇ ಮುಂದಾದರು. ಆಗ ಅವರು ಗ್ರೂಪ್ ಕ್ಯಾಪ್ಟನ್, ಐವತ್ತರ ಹೊಸ್ತಿಲಲ್ಲಿದ್ದವರು. ಆ ವಯಸ್ಸಿಗೆ ಅನೇಕ ಹಾರಾಟಗಾರರು ಕಚೇರಿಯ ಮೇಜಿಗೆ ಸರಿದಿರುತ್ತಾರೆ. ಮೊದಲ ದಿನದಿಂದ ಮಾರುತ್‌ನ ಗುಣದೋಷಗಳನ್ನು ಅವರಷ್ಟು ಬಲ್ಲ ಪೈಲಟ್ ಮತ್ತೊಬ್ಬರಿರಲಿಲ್ಲ. 1970ರ ಜನವರಿ 10ರಂದು ಎಚ್‌ಎಎಲ್ ನಿಲ್ದಾಣದಿಂದ ಮೇಲೆದ್ದ ವಿಮಾನ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕಪ್ಪಳಿಸಿತು. ದಾಸ್ ಉಳಿಯಲಿಲ್ಲ. ಅದೇ ವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ನೀಡಿತು. ಮಗನನ್ನು ಕಳೆದುಕೊಂಡ ಹಿರಿಯ ನ್ಯಾಯಮೂರ್ತಿ ಇನ್ನೂ ಏಳು ವರ್ಷ ಬದುಕಿದ್ದರು.

ಮಾರ್ಕ್ 1ಆರ್ ವಾಯುಪಡೆಯ ಸೇವೆಗೆ ಬರಲಿಲ್ಲ. ತನ್ನ ಮಿತಿಯೊಳಗೇ ಉಳಿದ ಮೂಲ ಮಾರುತ್ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡುವ ಕೆಲಸವನ್ನು ಚೆನ್ನಾಗಿಯೇ ನಿರ್ವಹಿಸಿತು. ವೈರಿಯ ವಿಮಾನಕ್ಕೆ ಆಕಾಶದಲ್ಲಿ ಬಲಿಯಾದ ಮಾರುತ್ ಒಂದೂ ಇಲ್ಲ. ಒಟ್ಟು 147 ವಿಮಾನಗಳು ತಯಾರಾಗಿ, 1990ರಲ್ಲಿ ನಿವೃತ್ತವಾದವು. ವಿಚಿತ್ರವೆಂದರೆ, ಮಾರುತ್‌ಗೆ ಸಾಲದಾದ ಅದೇ ಆರ್ಫಿಯಸ್‌ನ ಇನ್ನೊಂದು ಮಾದರಿ 1976ರಲ್ಲಿ ಕಿರಣ್ ಮಾರ್ಕ್ 2ರ ಒಡಲಿಗೆ ಸರಿಯಾಗಿ ಹೊಂದಿಕೊಂಡಿತು. ಅದು ಮೇಲೇರಿದಾಗ ಮೊದಲ ಕಿರಣ್ ಹಾರಿಸಿದ್ದ ದಾಸ್ ಇರಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ್ ನಿಂತಿದೆ. ಶಾಲಾ ಪ್ರವಾಸದಲ್ಲಿ ತಿಪಟೂರು, ತುರುವೇಕೆರೆ ಕಡೆಯಿಂದ ಹೋಗುವ ಮಕ್ಕಳು ಅದರ ಹಿಂಬದಿಗೂ ಒಮ್ಮೆ ಹೋಗಿ ನೋಡಬಹುದು. ಮರುದಹನದ ಕೊಳವೆಗೆ ಜಾಗ ಸಾಲದೆ ದಪ್ಪವಾಗಿಸಬೇಕಾಗಿ ಬಂದದ್ದು ಅದೇ ಭಾಗ.