ಗುರಿ ತಪ್ಪಿದ ಗುಂಡಿನ ಬೆಲೆ

ಜಿಮ್ ಕಾರ್ಬೆಟ್ ಎಂದೊಡನೆ ಗುರಿ ತಪ್ಪದ ಬೇಟೆಗಾರನ ಚಿತ್ರ ಮೂಡುತ್ತದೆ. ಆದರೆ 1875ರಲ್ಲಿ ನೈನಿತಾಲ್‌ನಲ್ಲಿ ಜನಿಸಿದ ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಗುರಿ ತಪ್ಪಿದ ಎರಡು ಗುಂಡುಗಳು.

1907ರಲ್ಲಿ ಅವರು ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಎದುರಿಸಿದಾಗ ರೈಫಲ್ಲಿನ ಮೂರೂ ಗುಂಡುಗಳು ಮುಗಿದುಹೋದವು. ಗಾಯಗೊಂಡ ಹುಲಿ ಇನ್ನೂ ನಿಂತಿತ್ತು. ಓಡಿ ಹೋಗಿ ತಹಶೀಲ್ದಾರರ ಬಂದೂಕನ್ನು ತಂದರೆ, ನಳಿಕೆಗೂ ಅದರ ಹಿಂಭಾಗಕ್ಕೂ ನಡುವೆ ಸಂದು ಬಿಟ್ಟಿತ್ತು! ಸುಮಾರು 20 ಅಡಿ ದೂರದಿಂದ ಬಾಯಿಗೆ ಗುರಿಯಿಟ್ಟ ಗುಂಡು ಮುಂಗಾಲಿನ ಪಂಜಕ್ಕೆ ತಗುಲಿತು. ಹುಲಿ ಆಗಲೇ ಕೊನೆಯುಸಿರಿನಲ್ಲಿದ್ದುದರಿಂದ ಕಾರ್ಬೆಟ್ ಉಳಿದರು. ಆ ಗುಂಡನ್ನು ಬಳಿಕ ಉಗುರಿನಿಂದಲೇ ಕಿತ್ತು ತೆಗೆದರು.

ರೈಫಲ್ಲಿನ ನಳಿಕೆಯೊಳಗೆ ಕೊರೆದ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಸಾಗಿಸುತ್ತವೆ. ನುಣುಪು ನಳಿಕೆಗೆ ಆ ಗುಣವಿಲ್ಲ. ಸಂದಿನಲ್ಲಿ ಅನಿಲ ಸೋರಿದರೆ ಗುಂಡಿನ ವೇಗವೂ ಕುಂದುತ್ತದೆ.

ಸತ್ತ ಹುಲಿಯ ಬಲಗಡೆಯ ಮೇಲಿನ ಹಾಗೂ ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಯಾರದೋ ಹಳೆಯ ಗುಂಡೇಟು. ಸಹಜ ಬೇಟೆ ಅಸಾಧ್ಯವಾಗಿ ಅದು ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ತೀರ್ಮಾನಿಸಿದರು. ಲೆಕ್ಕಕ್ಕೆ ಸಿಕ್ಕ ಬಲಿಗಳು 436.

ಈ ಸಾಹಸಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹ್ಯೂವೆಟ್ ಅವರಿಗೆ .275 ರಿಗ್ಬಿ ರೈಫಲ್ಲನ್ನು ಬಹುಮಾನವಾಗಿ ನೀಡಿದರು. ಮುಂದೆ ಕಾರ್ಬೆಟ್ ಕ್ಯಾಮೆರಾ ಹಿಡಿದು ಹುಲಿಗಳ ಪರವಾಗಿ ನಿಂತರು. 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡರು.

ಬೇಟೆಯಲ್ಲಿ ನಿಖರತೆಯೆಂಬುದು ಕೇವಲ ಕೌಶಲದ ಮಾತೆಂದು ನಾನು ಒಪ್ಪಲಾರೆ. ಹುಲಿಯ ಹಲ್ಲು ಮುರಿದ ಆ ಗುಂಡಿಗೆ ಬೆಲೆ ತೆತ್ತವರು ಅದನ್ನು ಹಾರಿಸಿದವರಲ್ಲ, ಕಾಡಿಗೆ ಸೌದೆ ಆಯಲು ಹೋದ ಹಳ್ಳಿಯ ಬಡವರು.