12345654321: ಮಹಾವೀರಾಚಾರ್ಯರ ಕೊರಳ ಹಾರ

ಫೋನ್ ತೆಗೆದು 27994681 ಒತ್ತಿ, 441ರಿಂದ ಗುಣಿಸಿ ನೋಡಿ. 12345654321 ಬರುತ್ತೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನ ಕ್ರಿ.ಶ. 850ರ ಸುಮಾರಿಗೆ ಕೂತು ಹುಡುಕಿ, ಅವಕ್ಕೆ ಕಂಠಿಕೆ, ಅಂದ್ರೆ ಕೊರಳ ಹಾರ ಅಂತ ಹೆಸರಿಟ್ಟವರು ಮಹಾವೀರಾಚಾರ್ಯರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಪೈಥಾಗೊರಸ್, ಆಯ್ಲರ್ ಎಲ್ಲ ಗೊತ್ತಿತ್ತು. ಇವರ ಹೆಸರು ಕೇಳಿದ್ದು ಕಾಲೇಜಿಗೆ ಬಂದ ಮೇಲೆ!

ಇವರು ಹುಟ್ಟಿದ ಊರು ಯಾವುದು, ತಂದೆ-ತಾಯಿ ಯಾರು ಅನ್ನೋದು ಎಲ್ಲೂ ದಾಖಲಾಗಿಲ್ಲ. ಜೈನರು ಅನ್ನೋದು ಖಚಿತ. ತಮ್ಮ ಸಂಸ್ಕೃತ ಗ್ರಂಥ ಗಣಿತಸಾರಸಂಗ್ರಹದ ಆರಂಭದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನ ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನ ಹೇಳುವಾಗ ಕಿಸುವೊಳಲನ್ನ ಹೆಸರಿಸುತ್ತೆ. ಅದು ನಮ್ಮ ಪಟ್ಟದಕಲ್ಲು. ಬಾದಾಮಿಯಿಂದ ಅಲ್ಲಿಗೆ ಹೋಗೋವಾಗ ಊರ ಹೊರಗೆ ಸಿಗೋ ಜೈನ ಗುಡಿ ಕೂಡ ರಾಷ್ಟ್ರಕೂಟರ ಕಾಲದ್ದೇ. ಟ್ರಿಪ್ ಹೋದವರು ಸಾಮಾನ್ಯವಾಗಿ ಅದರ ಹತ್ತಿರ ಇಳಿಯೋದೇ ಇಲ್ಲ ಬಿಡಿ.

ಈಗ ಆ ಸಂಖ್ಯೆಗೆ ಬರೋಣ. ಇಳಕಲ್ಲಿಂದ ಬಾಗಲಕೋಟೆಗೆ ಬರೋವಾಗ ಬಸ್ಸಲ್ಲಿ ಅದನ್ನ ಒಡೆಯೋಕೆ ಶುರು ಮಾಡಿದೆ, ಹುನಗುಂದ ದಾಟೋ ಹೊತ್ತಿಗೆ ಗುಟ್ಟು ಸಿಕ್ತು. 441 ಅಂದ್ರೆ 21ರ ವರ್ಗ. 27994681 ಅಂದ್ರೆ 5291ರ ವರ್ಗ. 21 × 5291 = 111111. ಅಂದ್ರೆ ನಮ್ಮ ಹಾರ ಆರು ಒಂದುಗಳ ವರ್ಗ! 111111ನ್ನ ಇನ್ನೂ ಒಡೆದರೆ 3, 7, 11, 13, 37 ಸಿಗುತ್ತವೆ, ಎಲ್ಲವೂ ಅವಿಭಾಜ್ಯ. ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರೋದ್ರಿಂದ, 12345654321ಕ್ಕೆ ಒಟ್ಟು 243 ಭಾಜಕಗಳು.

ಅವರ ಇನ್ನೊಂದು ಹಾರ 12345679 × 9. ಮಾಡಿ ನೋಡಿ, ಉತ್ತರ ನಾನು ಹೇಳಲ್ಲ.

ಬರೀ ಆಟ ಆಡಿದವರಲ್ಲ ಅವರು. ಪಿಯುಸಿಯಲ್ಲಿ ನಾವು ಉರು ಹೊಡೆದ ಎನ್‌ಸಿಆರ್ ಸೂತ್ರವನ್ನ ಸಾಮಾನ್ಯ ರೂಪದಲ್ಲಿ ಕೊಟ್ಟಿದ್ದಾರೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಗುರುತಿಸಿದ್ದಾರೆ. ಸ್ಥಾನಗಳ ಹೆಸರನ್ನ ಏಕದಿಂದ ಮಹಾಕ್ಷೋಭದವರೆಗೆ, ಒಟ್ಟು 24, ಪಟ್ಟಿ ಮಾಡಿದ್ದಾರೆ.

ತಪ್ಪೂ ಮಾಡಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದುಬಿಟ್ಟರು. ಹಂಚಿಕೊಳ್ಳೋಕೆ ಯಾರೂ ಇಲ್ಲದಿದ್ದರೆ ರೊಟ್ಟಿ ಹಾಗೇ ಇರುತ್ತಲ್ಲ ಅನ್ನೋ ಥರ. ನನಗಂತೂ ಈ ತಪ್ಪು ಓದಿದ ಮೇಲೇ ಅವರು ಹತ್ತಿರದವರು ಅನ್ನಿಸಿದ್ದು.

ಅವರ ಪುಸ್ತಕವನ್ನ 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಮಾಡಿಸಿದರು. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು.

ಅಂದ ಹಾಗೆ, ಒಂಬತ್ತು ಒಂದುಗಳ ವರ್ಗದವರೆಗೆ ಹಾರ ಸರಿಯಾಗೇ ಬರುತ್ತೆ. ಹತ್ತು ಒಂದುಗಳಿಗೆ ದಶಕ ಮುಂದಕ್ಕೆ ಹೋಗಿ, 1234567900987654321 ಆಗಿ ದಾರ ಹರಿದುಹೋಗುತ್ತೆ.